ಎಂಟು ಹಂಪಿ, ಒಂದು ಎಲ್ಲೋರಾ

ಪ್ರವಾಸ ಕಥನ ಎಂದ ಮೇಲೆ ಕಾಶಿಯೋ ಕಾಶ್ಮೀರವೋ ಇರಬೇಕು. ಕಡೇಪಕ್ಷ ಜೋಗದ ಗುಂಡಿಯಾದರೂ ಬೇಕು. ನಾನು ಹೇಳಹೊರಟಿರುವ ಪ್ರವಾಸ ಬೆಂಗಳೂರಿನ ಬಸವನಗುಡಿಯ ನಮ್ಮ ಮನೆಯಿಂದ ಗಾಂಧಿ ಬಜಾರಿನ ಮೂಲೆಯವರೆಗಿನದು. ದೂರ ಸುಮಾರು 900 ಹೆಜ್ಜೆ. ಆ 900 ಹೆಜ್ಜೆ ನಡೆಯುವುದಕ್ಕೆ ನನಗೆ ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ಅದು 2020ರ ಬೇಸಿಗೆ.

ಅಸಲಿಗೆ ನಾವು ಹೋಗಬೇಕಾಗಿದ್ದದ್ದು ಹಂಪಿಗೆ. ಆಗ ನಾಲ್ಕನೆಯ ತರಗತಿಯಲ್ಲಿದ್ದ ಮೊಮ್ಮಗಳು ಪುಟ್ಟಿಗೆ ಕಲ್ಲಿನ ರಥ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಏಪ್ರಿಲ್ ತಿಂಗಳಿಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೊಸಪೇಟೆಗೆ ಐದು ಟಿಕೆಟ್ ಕಾದಿರಿಸಿ, ನನಗೂ ನನ್ನವಳಿಗೂ ಕೆಳಗಿನ ಬರ್ತ್ ಸಿಕ್ಕಿತೆಂದು ಬೀಗಿದ್ದೆ. ದಾರಿಗೆಂದು ಚಕ್ಕುಲಿ ಹಿಟ್ಟು ಬೀಸಿಸಿಯೂ ಆಗಿತ್ತು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ ಬಂತು. ಸಂಜೆ 5 ಗಂಟೆಗೆ ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು, ಜಾಗಟೆ ಬಡಿದೆವು. ಅಷ್ಟರಲ್ಲಿ ರೈಲುಗಳು ನಿಂತವು. 25ನೆಯ ತಾರೀಖು ಯುಗಾದಿ. ಅದೇ ದಿನದಿಂದ ಇಡೀ ದೇಶಕ್ಕೆ 21 ದಿನ ಬೀಗ. ಟಿಕೆಟ್ಟಿನ ಹಣ ವಾಪಸ್ ಬಂತು. ಚಕ್ಕುಲಿಯನ್ನು ಮನೆಯಲ್ಲೇ ಕೂತು ತಿಂದೆವು.

ಅಲ್ಲಿಂದ ಶುರುವಾಯಿತು ನನ್ನ ಗೊಣಗಾಟ. ದೊಡ್ಡ ಕಷ್ಟಗಳು ಊರಿನಲ್ಲಿ ಬೇಕಾದಷ್ಟಿದ್ದವು. ಟೀವಿಯಲ್ಲಿ ಹೆಗಲ ಮೇಲೆ ಮಗು ಹೊತ್ತು ಹೆದ್ದಾರಿಯಲ್ಲಿ ನಡೆದು ಹೋಗುತ್ತಿದ್ದವರನ್ನು ನೋಡಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಮನುಷ್ಯನ ಸ್ವಭಾವ ನೋಡಿ, ಟೀವಿ ಆರಿಸಿದ ಮರುಕ್ಷಣ ನನಗೆ ಸಿಟ್ಟು ಬರುತ್ತಿದ್ದದ್ದು ನನ್ನ ಕನ್ನಡಕದ ಮೇಲೆ! ಮಾಸ್ಕ್ ಹಾಕಿಕೊಂಡರೆ ಉಸಿರು ಮೇಲಕ್ಕೇರಿ ಗಾಜಿಗೆ ಮಂಜು ಕಟ್ಟುತ್ತಿತ್ತು. ಗೇಟಿನ ಬಳಿ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಹೋದರೆ ಎದುರಿಗಿರುವವನು ಹಾಲಿನವನೋ ಹಸುವೋ ತಿಳಿಯದು. ಮಾಸ್ಕ್ ಇಳಿಸಿದರೆ ಮನೆಯವರು ಕೂಗುತ್ತಾರೆ, ಕನ್ನಡಕ ತೆಗೆದರೆ ಮೆಟ್ಟಿಲು ಕಾಣುವುದಿಲ್ಲ.

ಯಾರಿಗಾದರೂ ಫೋನ್ ಮಾಡಿ ಹೊಟ್ಟೆಯ ಉರಿ ಹೇಳಿಕೊಳ್ಳೋಣವೆಂದರೆ ಮೊದಲು ಕೇಳಿಸುತ್ತಿದ್ದದ್ದು ಕೆಮ್ಮು. ಆಮೇಲೆ ಕೊರೋನಾದಿಂದ ದೂರವಿರುವ ಉಪದೇಶ. ಅದು ಮುಗಿಯುವ ಹೊತ್ತಿಗೆ ಯಾಕೆ ಫೋನ್ ಮಾಡಿದೆ ಎಂಬುದೇ ನನಗೆ ಮರೆತುಹೋಗುತ್ತಿತ್ತು. ಮಗ, ಸೊಸೆ ಇಬ್ಬರಿಗೂ ಮನೆಯೇ ಆಫೀಸು. ಒಬ್ಬ ಹಾಲಿನಲ್ಲಿ, ಇನ್ನೊಬ್ಬಳು ದೇವರ ಮನೆಯ ಪಕ್ಕದ ಕೋಣೆಯಲ್ಲಿ. ಬೆಳಗ್ಗೆ 10ರಿಂದ ಸಂಜೆ 7ರವರೆಗೆ 'ಶ್' ಎನ್ನುವುದೇ ಮನೆಮಾತಾಯಿತು. ನಾನು ಸೀನುವ ಹಾಗಿಲ್ಲ. ಸೀನಿದರೆ ಮೀಟಿಂಗಿನಲ್ಲಿದ್ದ ಹನ್ನೆರಡು ಜನ ಗಾಬರಿಯಾಗುತ್ತಾರೆ. ನನ್ನವಳು ಕುಕ್ಕರ್ ಕೂಗಿಸುವ ಹಾಗಿಲ್ಲ. ಪಾಪ, ಬಿಸಿಬೇಳೆ ಬಾತಿನ ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸಿ ಬೇಯಿಸಿ ಅವಳಿಗೂ ರೋಸಿಹೋಯಿತು.

ಕ್ಷೌರದಂಗಡಿ ಮುಚ್ಚಿತ್ತು. ಎರಡು ತಿಂಗಳಾಗುವ ಹೊತ್ತಿಗೆ ನಾನು ಯಾವುದೋ ಮಠದಿಂದ ತಪ್ಪಿಸಿಕೊಂಡು ಬಂದವನ ಹಾಗೆ ಕಾಣುತ್ತಿದ್ದೆ. ಕಡೆಗೆ ನನ್ನವಳು ಹೊಲಿಗೆಯ ಕತ್ತರಿ ಹಿಡಿದಳು. ಕೆಲಸ ಮುಗಿದ ಮೇಲೆ ಪುಟ್ಟಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ತಾತ, ಈ ಕಡೆ ಲಾಲ್‌ಬಾಗ್, ಈ ಕಡೆ ಆಟದ ಮೈದಾನ" ಎಂದಳು.

ಎಲ್ಲಕ್ಕಿಂತ ನನಗೆ ನಾಟಿದ ತಕರಾರು ಬೇರೆ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನೋಟು ಎಣಿಸಿದ ಕೈ ನನ್ನದು. ಅಲ್ಲಿ ಬೆರಳು ಒದ್ದೆ ಮಾಡಿಕೊಳ್ಳಲು ನೀರಿನ ಸ್ಪಂಜು ಇಡುತ್ತಿದ್ದರು. ನಿವೃತ್ತಿಯ ಮೇಲೆ ಸ್ಪಂಜು ಎಲ್ಲಿಂದ ಬರಬೇಕು? ಪುಸ್ತಕದ ಹಾಳೆ ತಿರುಗಿಸುವಾಗ ಬೆರಳು ತಾನಾಗಿ ನಾಲಿಗೆಗೆ ಹೋಗುತ್ತಿತ್ತು. ಆ ಬೇಸಿಗೆಯಲ್ಲಿ ನಾನು ಬೆರಳೆತ್ತಿದರೆ ಸಾಕು, ಮನೆಯ ಯಾವ ಮೂಲೆಯಲ್ಲಿದ್ದರೂ ಪುಟ್ಟಿ "ತಾತಾ, ಬೆರಳು!" ಎಂದು ಕಿರುಚುತ್ತಿದ್ದಳು. ಮೇಲಧಿಕಾರಿಗಳಿಂದಲೂ ಅಷ್ಟು ಬೈಸಿಕೊಂಡವನಲ್ಲ ನಾನು.

ಒಂದು ದಿನ ಅವಳೇ ಹಳೆಯ ಬ್ಯಾಂಕ್ ಡೈರಿಯೊಂದನ್ನು ಹುಡುಕಿ ತಂದು ಮುಂದಿಟ್ಟಳು. "ತಾತ, ದಿನಾ ಗೊಣಗೋ ಬದಲು ಇದರಲ್ಲಿ ಬರೀರಿ. ಎಡಗಡೆ ನಿಮ್ಮದು, ಬಲಗಡೆ ನಂದು." ನನಗೂ ಅದು ಹಿಡಿಸಿತು. ನಡುವೆ ಗೆರೆ ಎಳೆದು, ಮೇಲೆ ತಾರೀಖು ಹಾಕಿ, ಮೊದಲ ಪುಟದಲ್ಲಿ ದುಂಡಗೆ 'ತಕರಾರು ಖಾತೆ' ಎಂದು ಬರೆದೆ. ನನ್ನ ಪಟ್ಟಿಯಲ್ಲಿ ಕನ್ನಡಕ, ಕೆಮ್ಮು, ಕಾಫಿಪುಡಿಗೆ ಚಿಕೋರಿ ಹೆಚ್ಚಾದದ್ದು, ಒಂದೇ ಚಾನೆಲ್ಲು ದಿನವಿಡೀ ಕೂಗುವುದು. ಅವಳ ಪಟ್ಟಿಯಲ್ಲಿ: ಪರೀಕ್ಷೆ ಇಲ್ಲದೆ ಪಾಸಾದದ್ದು ಸಂತೋಷ, ಆದರೆ ಗೆಳತಿಯರಿಗೆ ಟಾಟಾ ಹೇಳಲಾಗಲಿಲ್ಲ, ಕೃಷ್ಣರಾವ್ ಪಾರ್ಕಿನ ಉಯ್ಯಾಲೆಗೆ ಬೀಗ, ಹಂಪಿ ಇಲ್ಲ, ತಾತ ಕೇರಂನಲ್ಲಿ ಮೋಸ ಮಾಡುತ್ತಾರೆ.

ಮೇ ತಿಂಗಳಲ್ಲಿ ಬೀಗ ಸಡಿಲವಾಯಿತು. ನಾನು ಚಪ್ಪಲಿ ಒರೆಸಿ ಇಟ್ಟುಕೊಂಡೆ. ಆದರೆ ಸರಕಾರದ ಮಾರ್ಗಸೂಚಿಯಲ್ಲಿ ಒಂದು ಸಾಲು ಹಾಗೇ ಉಳಿದಿತ್ತು: 65 ವರ್ಷ ದಾಟಿದವರು, 10 ವರ್ಷದೊಳಗಿನ ಮಕ್ಕಳು ಅಗತ್ಯವಿಲ್ಲದೆ ಹೊರಗೆ ಹೋಗಬಾರದು. ನನಗೆ 70, ಪುಟ್ಟಿಗೆ 9. ಮನೆಯಲ್ಲಿ ಉಳಿದವರೆಲ್ಲ ತರಕಾರಿಗೆ, ಔಷಧಿಗೆ ಎಂದು ಹೊರಟರೆ ನಾವಿಬ್ಬರು, ಜೊತೆಗೆ ಅಜ್ಜಿ, ಜೈಲಿನ ಸಂಗಾತಿಗಳ ಹಾಗೆ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದೆವು. "ತಾತ, ನಾನು ದೊಡ್ಡೋಳಾಗೋಕೆ ಒಂದೇ ವರ್ಷ ಸಾಕು. ನೀವು ಚಿಕ್ಕೋರಾಗೋಕೆ ಐದು ವರ್ಷ ಬೇಕು" ಎಂದು ಪುಟ್ಟಿ ಲೆಕ್ಕ ಹಾಕಿ ಹೇಳಿದಳು. ಲೆಕ್ಕ ಸರಿಯಾಗಿತ್ತು. ಅದೇ ಬೇಜಾರು.

ನಮಗೆ ಉಳಿದದ್ದು ಮಹಡಿಯ ಮೇಲಿನ ತಾರಸಿ. ಬೆಳಗ್ಗೆ 40 ಸುತ್ತು, ಸಂಜೆ 40 ಸುತ್ತು. ಸುತ್ತಿ ಸುತ್ತಿ ತಲೆ ಸುತ್ತಿದಾಗ ಕಟ್ಟೆಗೆ ಒರಗಿ ಊರು ನೋಡುವುದು. ವಾಹನಗಳಿಲ್ಲದೆ ಆಕಾಶ ತೊಳೆದಿಟ್ಟ ಬೋಗುಣಿಯ ಹಾಗಿತ್ತು. ಹೊಂಗೆಯ ಮರದ ಹೊಸ ಎಲೆ ಬಿಸಿಲಿಗೆ ಹೊಳೆಯುತ್ತಿತ್ತು, ಬೀದಿಯ ತುದಿಯ ಗುಲ್‌ಮೊಹರ್ ಕೆಂಪಗೆ ಹೂ ಬಿಟ್ಟಿತ್ತು. ದೂರದಲ್ಲಿ ಬ್ಯೂಗಲ್ ರಾಕ್ ಕಡೆಯ ಮರಗಳ ಹಸಿರು. ಆ ಬಂಡೆಯ ಮೇಲೆ ಕೆಂಪೇಗೌಡರ ಕಾಲದ ಕಾವಲು ಗೋಪುರವಿದೆ, ಪಕ್ಕದಲ್ಲೇ ದೊಡ್ಡ ಗಣಪತಿ, ದೊಡ್ಡ ಬಸವಣ್ಣ. ನಮ್ಮ ಬಡಾವಣೆಗೆ ಹೆಸರು ಕೊಟ್ಟದ್ದು ಆ ಬಸವಣ್ಣನ ಗುಡಿಯೇ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈಗ ಆ ರಸ್ತೆಯಲ್ಲಿ ಒಂದು ನಾಯಿ ನಡುಮಧ್ಯೆ ಕಾಲು ಚಾಚಿ ಮಲಗಿತ್ತು.

"ತಾತ, ಮನೆಗಳ ಹಿಂದೆ ಆ ಸಣ್ಣ ಗಲ್ಲಿ ಯಾಕಿದೆ? ಅಲ್ಲಿ ಯಾರ ಮನೆಯ ಬಾಗಿಲೂ ಇಲ್ವಲ್ಲ?" ಎಂದು ಪುಟ್ಟಿ ಕೇಳಿದಳು. ಒಳ್ಳೆಯ ಪ್ರಶ್ನೆ. ಬಸವನಗುಡಿಯನ್ನು ಯೋಜಿಸಿದ್ದು 1890ರ ದಶಕದಲ್ಲಿ, ಮಲ್ಲೇಶ್ವರದ ಜೊತೆಗೆ. ಹಳೆಯ ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡು ಗಾಳಿ ಬೆಳಕಿಗೆ ದಾರಿಯಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆ ರೋಗ ಇಲಿಗಳ ಮೇಲಿನ ಚಿಗಟಗಳಿಂದ ಹರಡುವಂಥದ್ದು. ಇಕ್ಕಟ್ಟಾದ ಕೇರಿಗಳಲ್ಲಿ ಬೆಂಕಿಯ ಹಾಗೆ ಹಬ್ಬಿತು. ಜನ ಪೇಟೆ ಬಿಟ್ಟು ಅಗಲ ರಸ್ತೆಗಳ ಈ ಹೊಸ ಬಡಾವಣೆಗಳಿಗೆ ಬಂದು ನೆಲೆಸಿದರು. ಆ ಕಾಲದಲ್ಲಿ ಶೌಚಾಲಯ ಶುಚಿ ಮಾಡುವವರು, ಕಸ ಒಯ್ಯುವವರು ಓಡಾಡಲೆಂದು ಮನೆಗಳ ಹಿಂದೆ ಗಲ್ಲಿ ಬಿಟ್ಟರು. ಅದನ್ನು ಕನ್ಸರ್ವೆನ್ಸಿ ಗಲ್ಲಿ ಎನ್ನುತ್ತಾರೆ. ಪ್ಲೇಗಿನ ದಿನಗಳಲ್ಲಿ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ಹೊರತೆಗೆದರು.

ಪುಟ್ಟಿ ಸ್ವಲ್ಪ ಹೊತ್ತು ಗಲ್ಲಿಯನ್ನು ನೋಡಿದಳು. "ಅಂದ್ರೆ ಮನೆ ಶುಚಿ ಮಾಡೋರು ಮುಂದಿನ ಬಾಗಿಲಿಂದ ಬರೋ ಹಾಗಿರಲಿಲ್ವಾ?" ಎಂದಳು. ಇರಲಿಲ್ಲ ಎಂದೆ. "ಅವರ ಹೆಸರು ಮನೆಯವರಿಗೆ ಗೊತ್ತಿರ್ತಿತ್ತಾ?" ಎಂದಳು. ನಾನು ಇನ್ನೊಂದು ಸುತ್ತು ಹೊರಟೆ.

ಈಗ ನೋಟಿನ ವಿಚಾರಕ್ಕೆ ಬರುತ್ತೇನೆ. ನೋಟು ಮುಟ್ಟಿದರೆ ರೋಗ ಬರುತ್ತದೆಂದು ಭಯವಿದ್ದ ದಿನಗಳು ಅವು. ಮಗ ತರಕಾರಿಗೆ ಹೋಗಿ ಬಂದು ಚಿಲ್ಲರೆ ನೋಟುಗಳನ್ನು ಸೋಪಿನ ನೀರಿಗೆ ಅದ್ದಿಯೇಬಿಟ್ಟ. ನನ್ನ ಎದೆ ಧಸಕ್ಕೆಂದಿತು. ನೋಟನ್ನು ಮಡಿಸಬೇಡಿ, ಬರೆಯಬೇಡಿ, ಪಿನ್ ಚುಚ್ಚಬೇಡಿ ಎಂದು ಜೀವಮಾನವೆಲ್ಲ ಗ್ರಾಹಕರಿಗೆ ಹೇಳಿದವನ ಮನೆಯಲ್ಲಿ ನೋಟಿಗೆ ಅಭ್ಯಂಜನ! ಆದರೆ ನಮ್ಮ ನೋಟಿನ ಕಾಗದ ಮರದ ತಿರುಳಿನದಲ್ಲ, ಹತ್ತಿಯದು. ಅಷ್ಟು ಸುಲಭವಾಗಿ ಕರಗುವುದಿಲ್ಲ. ತಾರಸಿಯ ಬಟ್ಟೆ ತಂತಿಗೆ ಒಂದೊಂದನ್ನೇ ಕ್ಲಿಪ್ಪು ಹಾಕಿ ಒಣಗಿಸಿದೆ. ಗಾಳಿಗೆ ಹಾರದಂತೆ ಕಾವಲಿಗೆ ನಾನೂ ಪುಟ್ಟಿಯೂ ಕೂತೆವು.

ಸುಮ್ಮನೆ ಕೂತಿದ್ದ ಅವಳು ಇದ್ದಕ್ಕಿದ್ದಂತೆ "ತಾತ, ರಥ!" ಎಂದು ಕೂಗಿದಳು. ಹೌದಲ್ಲ! ತಿಳಿನೀಲಿಯ 50 ರೂಪಾಯಿಯ ಹೊಸ ನೋಟಿನ ಹಿಂಭಾಗದಲ್ಲಿ ಹಂಪಿಯ ಕಲ್ಲಿನ ರಥವೇ ಇದೆ. ಅಷ್ಟು ದಿನ ಎಣಿಸಿದ್ದೆ, ನೋಡಿರಲಿಲ್ಲ. ಅಂದಿನಿಂದ ತಂತಿಯ ಮೇಲೆ ನಮ್ಮ ಪ್ರವಾಸ ಶುರು. 10 ರೂಪಾಯಿಯ ಕಂದು ನೋಟಿನಲ್ಲಿ ಕೋನಾರ್ಕದ ಸೂರ್ಯ ದೇವಾಲಯ. 20ರಲ್ಲಿ ಎಲ್ಲೋರಾ ಗುಹೆ. 100ರಲ್ಲಿ ಗುಜರಾತಿನ ಪಾಟಣದ ರಾಣಿ ಕಿ ವಾವ್, ಅಂದರೆ ರಾಣಿಯ ಮೆಟ್ಟಿಲು ಬಾವಿ. 200ರಲ್ಲಿ ಸಾಂಚಿಯ ಸ್ತೂಪ. 500ರಲ್ಲಿ ದೆಹಲಿಯ ಕೆಂಪು ಕೋಟೆ. ಆಗಿನ್ನೂ ಚಲಾವಣೆಯಲ್ಲಿದ್ದ 2000ದ ನೋಟಿನಲ್ಲಿ ಮಂಗಳಯಾನ. "ಇದಕ್ಕೆ ಹೋಗೋಕೆ ರೈಲು ಬೇಡ" ಎಂದಳು ಪುಟ್ಟಿ. ಬಲಗಡೆ ಹೇಗಿದೆ, ಎಡಗಡೆ ಏನಿದೆ ಎಂದು ನನಗೆ ಗೊತ್ತಿದ್ದಷ್ಟು ಹೇಳಿದೆ. ಹದಿನೈದು ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲಿನಲ್ಲಿ ಕನ್ನಡವಿರುವುದನ್ನು ಅವಳೇ ಕಂಡುಹಿಡಿದಳು. ಮಕ್ಕಳೇ, ಮನೆಯಲ್ಲಿ ದೊಡ್ಡವರನ್ನು ಕೇಳಿ ಒಂದೊಂದು ನೋಟು ತೆಗೆದು ನೋಡಿ. ನೋಡಿದ ಮೇಲೆ ವಾಪಸ್ ಕೊಡಿ.

ತಾರಸಿಯ ಮೇಲೆ ಕೂತಾಗಲೇ ತಕರಾರು ಖಾತೆಯ ಬಲಗಡೆ ಪುಟ್ಟಿ ಒಂದು ಸಾಲು ಬರೆದಳು: 'ಹೂವಮ್ಮ ಬರುತ್ತಿಲ್ಲ.'

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಹದಿನಾಲ್ಕು ವರ್ಷದಿಂದ ಪ್ರತಿದಿನ ಬೆಳಗ್ಗೆ 5:45ಕ್ಕೆ ಸರಿಯಾಗಿ ನಮ್ಮ ಬೀದಿಯಲ್ಲಿ ಒಂದು ದನಿ ಏಳುತ್ತಿತ್ತು. "ಹೂವಾ... ಮಲ್ಲಿಗೇ... ಕನಕಾಂಬ್ರಾ..." ಆ 'ಆ'ಕಾರ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಮತ್ತೆ ನನ್ನ ಕಿವಿಗೇ ಬಂದು ಬೀಳುತ್ತಿತ್ತು. ನಿವೃತ್ತನಾದ ಮೇಲಾದರೂ 7ರವರೆಗೆ ಮಲಗುತ್ತೇನೆ ಎಂದುಕೊಂಡಿದ್ದವನ ನಿದ್ದೆಯನ್ನು ಆಕೆ ಒಂದು ದಿನವೂ ಬಿಟ್ಟಿರಲಿಲ್ಲ. ಎಷ್ಟೋ ಸಲ ಕಿಟಕಿಯಿಂದ "ಸ್ವಲ್ಪ ಮೆಲ್ಲಗೆ ಕೂಗಮ್ಮ" ಎಂದು ಗದರಿದ್ದೆ. ಮೊಳ ಹಾಕುವುದರಲ್ಲೂ ಜಗಳ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ ತಾನೆ? ಆಕೆಯ ಕೈ ಚಿಕ್ಕದು. "ನನ್ನ ಕೈಯಲ್ಲಿ ಅಳೆ" ಎಂದು ನಾನು ಕೈ ಚಾಚಿದರೆ, "ದೇವರು ಕೊಟ್ಟ ಕೈ ಸಾರ್, ನಾನೇನ್ ಮಾಡ್ಲಿ" ಎಂದು ನಗುತ್ತಿದ್ದಳು.

ಹಣವನ್ನು ತಿಂಗಳ ಕೊನೆಗೆ ಕೊಡುವುದು ವಾಡಿಕೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನನ್ನವಳು ಗೀಟು ಹಾಕುತ್ತಿದ್ದಳು. ಪುಟ್ಟಿಯ ಸಾಲು ನೋಡಿದ ಮೇಲೆ ಹೋಗಿ ಮಾರ್ಚ್ ಹಾಳೆ ತಿರುಗಿಸಿದೆ. 1ರಿಂದ 21ರವರೆಗೆ 21 ಗೀಟು. ದಿನಕ್ಕೆ 20 ರೂಪಾಯಿ. ಒಟ್ಟು 420.

"ನೋಡಿದ್ರಾ, ನಾವೀಗ ಫೋರ್ ಟ್ವೆಂಟಿ" ಎಂದಳು ನನ್ನವಳು. ಪುಟ್ಟಿಗೆ ಅರ್ಥವಾಗಲಿಲ್ಲ. ವಂಚನೆಗೆ ಶಿಕ್ಷೆ ಹೇಳುವ ದಂಡಸಂಹಿತೆಯ ಕಲಮು 420, ಅದರಿಂದಲೇ ಮೋಸಗಾರರಿಗೆ ಆ ಹೆಸರು ಎಂದು ವಿವರಿಸಬೇಕಾಯಿತು. ವಿವರಿಸುತ್ತಾ ಹೋದಂತೆ ನನಗೆ ನಗು ಬರುವುದು ನಿಂತಿತು.

ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ 9ರವರೆಗೆ ಕೂತು ಹುಡುಕಿದವನು ನಾನು. ಈಗ 420 ರೂಪಾಯಿ ಬಾಕಿ ಎದುರಿಗಿದೆ. ಯಾರ ಹೆಸರಿಗೆ ಬರೆಯಲಿ? ಹದಿನಾಲ್ಕು ವರ್ಷದಲ್ಲಿ ಆಕೆಯ ಹೆಸರು ಕೇಳಿರಲಿಲ್ಲ. ಹೂವಮ್ಮ ಎಂದರೆ ಸಾಕಿತ್ತು. ಊರು ಗೊತ್ತಿಲ್ಲ, ಫೋನ್ ನಂಬರಿಲ್ಲ. ಹಾಲಿನವನನ್ನು ಕೇಳಿದೆ, ಪೇಪರ್ ಹುಡುಗನನ್ನು ಕೇಳಿದೆ, ಎದುರುಮನೆಯವರಿಗೂ ಪಕ್ಕದವರಿಗೂ ಫೋನ್ ಮಾಡಿದೆ. ಎಲ್ಲರಿಗೂ ಆಕೆ ಗೊತ್ತು. ಯಾರಿಗೂ ಹೆಸರು ಗೊತ್ತಿಲ್ಲ. ಅವರ ಮನೆಯ ಕ್ಯಾಲೆಂಡರುಗಳಲ್ಲೂ ಗೀಟುಗಳು ಹಾಗೇ ಇದ್ದವು.

ಆ ದಿನಗಳಲ್ಲಿ ಪೇಪರಿನಲ್ಲಿ ಹೂವಿನ ಸುದ್ದಿಯೇ ಕಣ್ಣಿಗೆ ಬೀಳುತ್ತಿತ್ತು. ಕೆ.ಆರ್. ಮಾರುಕಟ್ಟೆ ಮುಚ್ಚಿತ್ತು. ಗುಡಿಗಳು ಮುಚ್ಚಿದ್ದವು, ಮದುವೆಗಳು ಮುಂದೆ ಹೋಗಿದ್ದವು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೈತರು ಕೊಯ್ದ ಹೂವನ್ನು ತಿಪ್ಪೆಗೆ ಸುರಿದರು, ನಿಂತ ಬೆಳೆಯ ಮೇಲೆ ಟ್ರ್ಯಾಕ್ಟರ್ ಓಡಿಸಿದರು. ಮೇ 6ರಂದು ರಾಜ್ಯ ಸರಕಾರ ಪರಿಹಾರ ಪ್ರಕಟಿಸಿತು: ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ; ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಪಟ್ಟಿಯನ್ನು ಎರಡು ಸಲ ಓದಿದೆ. ಬುಟ್ಟಿ ಹೊತ್ತು ಬೀದಿಯಲ್ಲಿ ಕೂಗುವವರ ಸಾಲು ನನಗೆ ಅದರಲ್ಲಿ ಕಾಣಲಿಲ್ಲ.

ಬೆಳಗ್ಗೆ ಈಗ ಎಷ್ಟು ಹೊತ್ತಾದರೂ ಮಲಗಬಹುದಿತ್ತು. ಆದರೆ 5:45ಕ್ಕೆ ಎಚ್ಚರವಾಗಿ, ಏನೂ ಕೇಳಿಸದೆ, ಫ್ಯಾನು ನೋಡುತ್ತಾ ಮಲಗಿರುತ್ತಿದ್ದೆ. ತಕರಾರು ಖಾತೆಯ ಎಡಗಡೆ ಅದನ್ನೂ ಬರೆದೆ.

ಮೇ 19ರಿಂದ ಬಸ್ಸು ಓಡಿದವು, ಜೂನ್ 8ಕ್ಕೆ ಗುಡಿಗಳು ತೆರೆದವು. ಜೂನ್ ಮಧ್ಯದ ಒಂದು ಬೆಳಗ್ಗೆ ತಾರಸಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಪುಟ್ಟಿ ಕೆಳಕ್ಕೆ ಬಗ್ಗಿ ಕೂಗಿದಳು: "ತಾತಾ, ಹೂವಮ್ಮ! ಹೋಗ್ತಾ ಇದಾರೆ!" ನಾನು ಕಾಫಿ ಲೋಟ ಕೆಳಗಿಟ್ಟೆ. ದನಿಯೇ ಕೇಳಿಸಲಿಲ್ಲವಲ್ಲ? ಕಿಟಕಿಗೆ ಬರುವಷ್ಟರಲ್ಲಿ ಬುಟ್ಟಿಯ ಬೆನ್ನು ಮೂಲೆ ತಿರುಗುತ್ತಿತ್ತು.

ಪೆಟ್ಟಿಗೆಯಲ್ಲಿ ತೊಳೆದು ಒಣಗಿಸಿದ ನೋಟುಗಳಿದ್ದವು. ಕೈಗೆ ಸಿಕ್ಕಿದಷ್ಟು ತೆಗೆದುಕೊಂಡು, ಮಾಸ್ಕ್ ಹಾಕಿಕೊಂಡು, ಬಾಗಿಲು ತೆರೆದೆ. ಮಗ ಮೀಟಿಂಗಿನ ಮಧ್ಯದಿಂದಲೇ "ಅಪ್ಪಾ!" ಎಂದ. ನನ್ನವಳು "ಹೋಗಲಿ ಬಿಡು, ಅಗತ್ಯದ ಕೆಲಸವೇ" ಎಂದಳು. ಎಂಬತ್ತಕ್ಕೂ ಹೆಚ್ಚು ದಿನಗಳ ನಂತರ ಗೇಟಿನ ಆಚೆ ಕಾಲಿಟ್ಟೆ.

ಮುಂದಿನ ರಸ್ತೆ ಸುತ್ತು ಬಳಸು. ಹಿಂದಿನ ಗಲ್ಲಿಯಲ್ಲಿ ನುಗ್ಗಿದರೆ ಹತ್ತಿರ. ಇಷ್ಟು ವರ್ಷ ಈ ಮನೆಯಲ್ಲಿದ್ದೂ ಆ ಗಲ್ಲಿಯಲ್ಲಿ ನಾನು ನಡೆದದ್ದು ಅದೇ ಮೊದಲು. ಎರಡೂ ಕಡೆ ಎತ್ತರದ ಹಿತ್ತಿಲ ಗೋಡೆ, ಗೋಡೆಯ ಮೇಲಿಂದ ಬಗ್ಗಿದ ಕರಿಬೇವು, ಕೆಳಗೆ ಉದುರಿದ ಸಂಪಿಗೆ. ನೆಲದ ಚಪ್ಪಡಿಗಳು ನಡುವೆ ಸವೆದಿದ್ದವು. ನೂರಕ್ಕೂ ಹೆಚ್ಚು ವರ್ಷ ಹೆಸರಿಲ್ಲದೆ ಓಡಾಡಿದವರ ಕಾಲುಗಳಿಂದ ಎಂದುಕೊಂಡೆ. ಕನ್ನಡಕ ಮಂಜಾಯಿತು. ಈ ಸಲ ಬರೀ ಮಾಸ್ಕಿನಿಂದಲೇ ಎಂದು ಹೇಳಲಾರೆ.

ಗಲ್ಲಿ ದಾಟಿದರೆ ಗಾಂಧಿ ಬಜಾರು. ಅರ್ಧ ಅಂಗಡಿ ತೆರೆದಿದ್ದವು. ದಿನಸಿ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳು, ವೃತ್ತಕ್ಕೊಬ್ಬರಂತೆ ಜನ. ಹುರಿದ ಕಾಫಿಬೀಜದ ವಾಸನೆ, ಹಸಿ ಬಾಳೆಲೆಯ ವಾಸನೆ ಮಾಸ್ಕಿನೊಳಗೂ ಬಂತು. ಹಬ್ಬದ ಹಿಂದಿನ ದಿನ ಮೈಗೆ ಮೈ ತಾಗಿಸಿಕೊಂಡು ಬೈದುಕೊಳ್ಳುತ್ತಾ ನಡೆಯುತ್ತಿದ್ದ ಪಾದಚಾರಿ ದಾರಿಯಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸುತ್ತಿತ್ತು. ಹೂವಿನ ಸಾಲಿನಲ್ಲಿ ಮೂರು ನಾಲ್ಕು ಜನ ಮಾತ್ರ ಕೂತಿದ್ದರು. ಮೂಲೆಯಲ್ಲಿ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು ಆಕೆ.

"ಬೀದಿಗೆ ಬಂದು ಕೂಗದೇ ಹೋದೆಯಲ್ಲಮ್ಮ?" ಎಂದೆ, ಏದುಸಿರು ಬಿಡುತ್ತಾ.

"ಕೂಗಿದೆ ಸಾರ್. ಮೂರು ದಿನದಿಂದ ಬರ್ತಾ ಇದೀನಿ. ಬಾಯಿಗೆ ಬಟ್ಟೆ ಕಟ್ಟಿದ್ರೆ ಎಲ್ಲಿ ಕೇಳ್ಸುತ್ತೆ?" ಎಂದಳು. "ನಿಮಗೆ ಕೂಗಿದ್ರೆ ಆಗಲ್ವಲ್ಲ, ಒಳ್ಳೇದೇ ಆಯ್ತು ಅಂದ್ಕೊಂಡೆ."

ಆಕೆಯ ಊರು ಕನಕಪುರ ರಸ್ತೆಯ ಆಚೆಯ ಒಂದು ಹಳ್ಳಿಯಂತೆ. ರಾತ್ರಿ 2ಕ್ಕೆ ಎದ್ದು, ಸಿಕ್ಕಿದ ವ್ಯಾನು ಹತ್ತಿ, 4ಕ್ಕೆ ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಕೊಂಡು, ದಾರಿಯಲ್ಲೇ ಕಟ್ಟುತ್ತಾ 5:45ಕ್ಕೆ ನಮ್ಮ ಬೀದಿಗೆ ಬರುತ್ತಿದ್ದಳು. ಅಂದರೆ ನನ್ನ ನಿದ್ದೆ ಕೆಡುವ ಹೊತ್ತಿಗೆ ಆಕೆಯ ಅರ್ಧ ದಿನ ಮುಗಿದಿರುತ್ತಿತ್ತು. ಬೀಗ ಬಿದ್ದ ಮೇಲೆ ಊರಿನಲ್ಲೇ ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳು ತೆಗೆದಳಂತೆ, ದಿನಕ್ಕೆ 275 ರೂಪಾಯಿ ಕೂಲಿ. "ಹೂವಿಗಿಂತ ಮಣ್ಣು ವಾಸಿ ಸಾರ್, ಬಾಡಲ್ಲ" ಎಂದು ನಕ್ಕಳು. ದಾರ ಎಳೆಯುವ ಬೆರಳುಗಳಲ್ಲಿ ಗುದ್ದಲಿಯ ಬೊಬ್ಬೆ ಗಟ್ಟಿಯಾಗಿತ್ತು.

ನನ್ನೊಳಗಿನ ಬ್ಯಾಂಕಿನವನು ಸುಮ್ಮನಿರಬೇಕಲ್ಲ. ಬೀದಿ ವ್ಯಾಪಾರಿಗಳಿಗೆಂದು ಕೇಂದ್ರ ಸರಕಾರ ಆ ತಿಂಗಳು ಸ್ವನಿಧಿ ಎಂಬ ಯೋಜನೆ ತಂದಿತ್ತು. 10,000 ರೂಪಾಯಿಯವರೆಗೆ ಸಾಲ, ಒಂದು ವರ್ಷದ ಕಂತು, ಸರಿಯಾಗಿ ಕಟ್ಟಿದರೆ ಶೇಕಡ 7ರಷ್ಟು ಬಡ್ಡಿ ಸಹಾಯಧನ. ಎಲ್ಲವನ್ನೂ ವಿವರಿಸಿದೆ. ಅರ್ಜಿ ನಾನೇ ತುಂಬಿಕೊಡುತ್ತೇನೆ ಎಂದೆ. ಪೂರ್ತಿ ಕೇಳಿಸಿಕೊಂಡು ಆಕೆ ಹೇಳಿದಳು: "ಸಾಲದ ಮಾತು ಆಮೇಲೆ ನೋಡಾಣ. ಮೊದಲು ನನ್ನ ಬಾಕಿ ಕೊಡಿ ಸಾರ್."

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಜೇಬಿನಿಂದ ನೋಟು ತೆಗೆದು, ಬೆರಳನ್ನು ನಾಲಿಗೆಗೆ ಒಯ್ಯದೆ, ಜಾಗರೂಕತೆಯಿಂದ ಎಣಿಸಿದೆ. 50ರ ಎಂಟು ನೋಟು, 20ರದು ಒಂದು. ಎಂಟು ಹಂಪಿ, ಒಂದು ಎಲ್ಲೋರಾ. 420.

"ಸರಿಯಾಗಿದೆಯಾ ನೋಡಿಕೋ" ಎಂದೆ.

"ಇನ್ನೂ ಹತ್ತು ಬರಬೇಕು. ಒಂದು ಶುಕ್ರವಾರ ಅಮ್ಮ ತುಳಸಿ ಇಸ್ಕೊಂಡಿದ್ರು" ಎಂದಳು. ಕ್ಯಾಲೆಂಡರಿನಲ್ಲಿ ಅದಕ್ಕೆ ಗೀಟಿರಲಿಲ್ಲ. ಆಕೆ ಎಲ್ಲೂ ಬರೆದಿಟ್ಟುಕೊಂಡವಳಲ್ಲ. ಇಪ್ಪತ್ತು ಮನೆಯ ಲೆಕ್ಕ ತಲೆಯಲ್ಲೇ ಇತ್ತು. ಒಂದು ಕೋನಾರ್ಕವನ್ನೂ ಸೇರಿಸಿ ಕೊಟ್ಟೆ.

ಹೊರಡುವಾಗ ಕೇಳಿದೆ: "ಪುಸ್ತಕದಲ್ಲಿ ಜಮಾ ಬರೀಬೇಕು. ಯಾರ ಹೆಸರಿಗೆ ಬರೀಲಿ?"

ಆಕೆ ನನ್ನ ಮುಖವನ್ನೇ ನೋಡಿದಳು. "ಈಗ ಕೇಳ್ತಿದೀರಾ?" ಎಂದಳು. ಸಿಟ್ಟಿನಿಂದಲ್ಲ. ಆದರೂ ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಹೆಸರು ಹೇಳಿದಳು. ತಂದೆಯ ಹೆಸರು, ಊರಿನ ಹೆಸರನ್ನೂ ಹೇಳಿದಳು.

ಮನೆಗೆ ಬಂದು, ಸೋಪು ಹಾಕಿ ಕೈ ತೊಳೆದು, ಮಗನಿಂದ ಬೈಸಿಕೊಂಡು, ಡೈರಿ ತೆರೆದೆ. ಪುಟ್ಟಿಯ 'ಹೂವಮ್ಮ ಬರುತ್ತಿಲ್ಲ' ಎಂಬ ಸಾಲಿನ ಎದುರು ಆ ಹೆಸರನ್ನು ಬರೆದು, 430 ರೂಪಾಯಿ ಪಾವತಿ ಎಂದು ಸಹಿ ಮಾಡಿದೆ. ಪುಟ್ಟಿ ಅದನ್ನು ಗಟ್ಟಿಯಾಗಿ ಓದಿದಳು. "ಎಷ್ಟು ಚೆನ್ನಾಗಿದೆ ಹೆಸರು" ಎಂದಳು. ಅಂದೇ ಎದುರುಮನೆ, ಪಕ್ಕದ ಮನೆಯವರಿಗೂ ಫೋನ್ ಮಾಡಿ ಹೆಸರು ಹೇಳಿದೆ. ಮರುದಿನ ಗೇಟುಗಳಲ್ಲಿ ಗೀಟಿನ ಲೆಕ್ಕ ಚುಕ್ತಾ ಆಗತೊಡಗಿತು.

ಎರಡು ವರ್ಷದ ನಂತರ ಹಂಪಿಗೂ ಹೋಗಿ ಬಂದೆವು. ಪುಟ್ಟಿ ನಿಜವಾದ ರಥದ ಮುಂದೆ 50 ರೂಪಾಯಿ ನೋಟು ಹಿಡಿದು ನಿಂತು ಎರಡನ್ನೂ ತಾಳೆ ನೋಡಿದಳು. ಆ ಫೋಟೋ ನಮ್ಮ ಹಾಲಿನಲ್ಲಿದೆ. ಆದರೆ ಪ್ರವಾಸದ ಬಗ್ಗೆ ಯಾರಾದರೂ ಕೇಳಿದರೆ ಅವಳು ಮೊದಲು ಹೇಳುವುದು ಆ ತಂತಿಯ ಮೇಲಿನ ನೋಟುಗಳ ಕತೆ.

ಮಾಸ್ಕ್ ಹೋಯಿತು, ಫೋನಿನ ಕೆಮ್ಮೂ ಹೋಯಿತು. ಈಗ ಮತ್ತೆ ಬೆಳಗ್ಗೆ 5:45ಕ್ಕೆ "ಹೂವಾ..." ಎಂಬ ದನಿ ಕಿಟಕಿಯೊಳಗೆ ನುಗ್ಗುತ್ತದೆ. ನನಗೆ ನಿದ್ದೆ ಕೆಡುತ್ತದೆ, ಸಿಟ್ಟೂ ಬರುತ್ತದೆ. ಎದ್ದು ಹೋಗಿ, ಹೆಸರು ಹಿಡಿದು ಕರೆದು, ಮೊಳಕ್ಕೆ ಜಗಳವಾಡಿ, ಹೂ ತರುತ್ತೇನೆ. ಆಕೆಯ ಕೈ ಈಗಲೂ ಚಿಕ್ಕದೇ.